ರತ್ತನಕೋಸಿನ್: ಬ್ಯಾಂಕಾಕ್‌ನ ಹಳೆಯ ನಗರ

ಬ್ಯಾಂಕಾಕ್‌ನ ಹಳೆಯ ನಗರ ಚಾವೊ ಫ್ರಾಯಾ ನದಿಯ ಪೂರ್ವ ದಂಡೆಯಲ್ಲಿದೆ. ಒಂದು ಮಗ್ಗುಲಲ್ಲಿ ನದಿ, ಉಳಿದ ಕಡೆ ತೋಡಿದ ಕಾಲುವೆ ಇರುವುದರಿಂದ ಇದಕ್ಕೆ ರತ್ತನಕೋಸಿನ್ ದ್ವೀಪವೆಂದು ಹೆಸರು. ಇಲ್ಲಿನ ನದಿಯ ಪಾತ್ರವೂ ಮನುಷ್ಯರು ತೋಡಿದ್ದೇ. ಹಿಂದೆ ನದಿ ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕಿ ಹರಿಯುತ್ತಿತ್ತು. ಸಮುದ್ರದಿಂದ ರಾಜಧಾನಿ ಅಯುತ್ಥಯಕ್ಕೆ ಹೋಗುವ ಹಡಗುಗಳ ದಾರಿ ಹತ್ತಿರವಾಗಲೆಂದು 16ನೇ ಶತಮಾನದಲ್ಲಿ ಅಡ್ಡಲಾಗಿ ಕಾಲುವೆ ತೆಗೆದರು. ನೀರು ಆ ನೇರ ದಾರಿಯನ್ನೇ ಹಿಡಿದು, ಕೊರೆದು, ನದಿಯಾಯಿತು. ಹಳೆಯ ಪಾತ್ರ ಸೊರಗಿ ಕಾಲುವೆಯಾಗಿ ಉಳಿಯಿತು.

ನಾಲ್ಕು ಶತಮಾನ ರಾಜಧಾನಿಯಾಗಿದ್ದ ಅಯುತ್ಥಯವನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳುಗೆಡವಿತು. ಸೇನಾನಿ ತಾಕ್ಸಿನ್ ನದಿಯ ಪಶ್ಚಿಮ ದಂಡೆಯ ಥೋನ್‌ಬುರಿಯಲ್ಲಿ ರಾಜ್ಯವನ್ನು ಮತ್ತೆ ಕಟ್ಟಿದ. 1782ರಲ್ಲಿ ಪಟ್ಟಕ್ಕೆ ಬಂದ ಒಂದನೇ ರಾಮ ರಾಜಧಾನಿಯನ್ನು ಎದುರು ದಂಡೆಗೆ ತಂದ. ಅಲ್ಲಿ ನೆಲೆಸಿದ್ದ ಚೀನೀ ವರ್ತಕರನ್ನು ಸ್ವಲ್ಪ ದಕ್ಷಿಣದ ಸಾಂಪೆಂಗ್‌ಗೆ ಕಳಿಸಲಾಯಿತು. ಇಂದಿನ ಚೀನೀ ಪೇಟೆ ಬೆಳೆದದ್ದು ಅಲ್ಲಿಂದ. ಕೋಟೆಗೋಡೆಗೆ ಅಯುತ್ಥಯದ ಪಾಳುಗೋಡೆಗಳ ಇಟ್ಟಿಗೆಗಳನ್ನೇ ದೋಣಿಗಳಲ್ಲಿ ಹೇರಿ ತಂದರು. ಗೋಡೆಯ 14 ಕೊತ್ತಲಗಳಲ್ಲಿ ಇಂದು ಉಳಿದಿರುವುದು ಎರಡು.

ಇಟ್ಟಿಗೆಯ ಜೊತೆಗೆ ಹೆಸರೂ ಬಂತು. ಥಾಯ್ ಜನ ತಮ್ಮ ರಾಜಧಾನಿಯನ್ನು ಕ್ರುಂಗ್ ಥೇಪ್ ಎನ್ನುತ್ತಾರೆ. ಥೇಪ್ ಎಂದರೆ ದೇವ. ಅದರ ಪೂರ್ತಿ ಹೆಸರು ಜಗತ್ತಿನ ಊರುಹೆಸರುಗಳಲ್ಲೇ ಅತಿ ಉದ್ದದ್ದು. ಬಹುಪಾಲು ಸಂಸ್ಕೃತ, ಪಾಳಿ ಮೂಲದ ಪದಗಳಿರುವುದರಿಂದ ಮಹಾನಗರ, ಅಮರ, ರತ್ನ, ವಿಮಾನ, ವಿಶ್ವಕರ್ಮ ಮೊದಲಾದವು ಕನ್ನಡದ ಕಿವಿಗೂ ಗುರುತು ಹತ್ತುತ್ತವೆ. ಅಯುತ್ಥಯದ ಹೆಸರೂ ಅದರೊಳಗೇ ಇದೆ.

ಹಳೆಯ ನಗರದ ಅರಮನೆಯ ಆವರಣದ ವಾಟ್ ಫ್ರಾ ಕೇವ್ ದೇಗುಲದಲ್ಲಿ ಪಚ್ಚೆ ಬುದ್ಧನಿದ್ದಾನೆ. ಹೆಸರು ಪಚ್ಚೆಯಾದರೂ ಅದು ಹಸಿರು ಶಿಲೆಯ, 66 ಸೆಂಟಿಮೀಟರ್ ಎತ್ತರದ ಪುಟ್ಟ ಮೂರ್ತಿ. ತಾಕ್ಸಿನ್ ಕಾಲದಲ್ಲಿ ವಿಯೆಂಟಿಯಾನ್‌ನಿಂದ ಗೆದ್ದು ತಂದ ಇದನ್ನು 1784ರಲ್ಲಿ ಇಲ್ಲಿ ಪ್ರತಿಷ್ಠಾಪಿಸಿದರು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಒಂದೊಂದರಂತೆ ಮೂರ್ತಿಗೆ ಮೂರು ಚಿನ್ನದ ಉಡುಗೆಗಳಿವೆ. ಋತು ತಿರುಗಿದಾಗ ಅದನ್ನು ಬದಲಿಸುವುದು ರಾಜನ ಕರ್ತವ್ಯ. ಸುತ್ತಲಿನ ಪ್ರಾಕಾರದ ಒಳಗೋಡೆಯ ಮೇಲೆ ಥಾಯ್ ರಾಮಾಯಣವಾದ ರಾಮಕಿಯನ್‌ನ ಕಥೆ 178 ಚಿತ್ರಗಳಲ್ಲಿ ಸಾಗುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡದವರಿಗೆ ಇಲ್ಲಿ ಪ್ರವೇಶವಿಲ್ಲ.

ಅರಮನೆಯ ದಕ್ಷಿಣಕ್ಕೆ ವಾಟ್ ಫೋ. ಅಯುತ್ಥಯದಲ್ಲಿ ಭಗ್ನವಾದ ಶ್ರೀ ಸನ್ಪೇತ್ ಬುದ್ಧನ ಅವಶೇಷವನ್ನು ಒಂದನೇ ರಾಮ ಇಲ್ಲಿನ ಸ್ತೂಪವೊಂದರಲ್ಲಿ ಇರಿಸಿದ. ಉತ್ತರದ ಪಾಳು ಊರುಗಳಿಂದ ನೂರಾರು ವಿಗ್ರಹಗಳನ್ನು ತರಿಸಿದ. ಮೂರನೇ ರಾಮನ ಕಾಲದ ಶಯನ ಬುದ್ಧ 46 ಮೀಟರ್ ಉದ್ದವಿದ್ದು, ಅಂಗಾಲುಗಳ ಮೇಲೆ 108 ಮಂಗಳ ಚಿಹ್ನೆಗಳನ್ನು ಮುತ್ತಿನ ಚಿಪ್ಪಿನಲ್ಲಿ ಕೆತ್ತಿ ಕೂರಿಸಲಾಗಿದೆ. ಹಿಂಬದಿಯ ಸಾಲು ಬಟ್ಟಲುಗಳಿಗೆ ಭಕ್ತರು ಒಂದೊಂದೇ ನಾಣ್ಯ ಹಾಕುತ್ತ ನಡೆಯುತ್ತಾರೆ.

ಆಸ್ಥಾನದ ಬ್ರಾಹ್ಮಣರಿಗಾಗಿ 1784ರಲ್ಲಿ ದೇವಸ್ಥಾನವನ್ನೂ ಇಪ್ಪತ್ತು ಮೀಟರಿಗೂ ಎತ್ತರದ ಉಯ್ಯಾಲೆ ಕಂಬಗಳನ್ನೂ ನಿಲ್ಲಿಸಿದರು. ಶಿವನ ಉತ್ಸವದಲ್ಲಿ ಯುವಕರು ಜೀಕುತ್ತ ಮೇಲೇರಿ, ಬಿದಿರ ಗಳಕ್ಕೆ ಕಟ್ಟಿದ ನಾಣ್ಯದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಕೀಳುತ್ತಿದ್ದರು. ಬಿದ್ದು ಸತ್ತವರೂ ಇದ್ದರು; 1930ರ ದಶಕದಲ್ಲಿ ಜೀಕಾಟ ನಿಂತಿತು. ಈಗಿರುವ ತೇಗದ ಕಂಬಗಳು 2007ರವು.

ಪಶ್ಚಿಮ ದಂಡೆಯ ವಾಟ್ ಅರುಣ್ ಅಯುತ್ಥಯದ ಕಾಲದ್ದೇ, ಹೆಸರು ಅರುಣನದು. ಅದರ ಗೋಪುರವನ್ನು ಎರಡನೇ, ಮೂರನೇ ರಾಮರ ಕಾಲದಲ್ಲಿ ಎತ್ತರಿಸಿದರು. ದೂರಕ್ಕೆ ಕಲ್ಲಿನ ಕೆತ್ತನೆಯಂತೆ ಕಾಣುವ ಹೂಗಳು ಹತ್ತಿರ ಹೋದರೆ ಚೀನಾದ ಪಿಂಗಾಣಿ ತಟ್ಟೆ, ಬಟ್ಟಲುಗಳ ಚೂರುಗಳು.

ಈ ನಗರದ ಬೀದಿಗಳು ಬಹುಕಾಲ ಕಾಲುವೆಗಳೇ ಆಗಿದ್ದವು. ಪಾಶ್ಚಾತ್ಯ ಮಾದರಿಯ ಮೊದಲ ರಸ್ತೆ ಚರೋನ್ ಕ್ರುಂಗ್ ಸಿದ್ಧವಾದದ್ದು 1864ರಲ್ಲಿ. ಮುಂದೆ ಅನೇಕ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. 2019ರಲ್ಲಿ ಮೆಟ್ರೊ ಹಳೆಯ ನಗರವನ್ನು ಮುಟ್ಟಿತು. ಸನಾಮ್ ಚಾಯ್ ನಿಲ್ದಾಣದಿಂದ ವಾಟ್ ಫೋ ಕಾಲ್ನಡಿಗೆಯ ದೂರ. ಅಲ್ಲಿಂದ ವಾಟ್ ಅರುಣ್‌ಗೆ ಹೋಗುವವರು ಇಂದಿಗೂ ಥಾ ತಿಯೆನ್ ಕಡವಿನಲ್ಲಿ ದೋಣಿ ಹತ್ತಿಯೇ ನದಿ ದಾಟುತ್ತಾರೆ.