ಹಾವು ಕಡಿತದ ಚಿಕಿತ್ಸೆ: ಬ್ಲೇಡಿನಿಂದ ಪ್ರತಿವಿಷದವರೆಗೆ

ಹಾವು ಕಚ್ಚಿತೆಂದರೆ ನಮ್ಮ ಅನೇಕ ಹಳ್ಳಿಗಳಲ್ಲಿ ಇಂದಿಗೂ ಮೊದಲು ಹುಡುಕುವುದು ಹಗ್ಗವನ್ನು. ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಕೊಯ್ದು ರಕ್ತ ಹರಿಸುತ್ತಾರೆ. ಮೆಣಸಿನಕಾಯಿ ತಿನ್ನಿಸಿ ಖಾರ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಇದನ್ನು ಹಳ್ಳಿಗರ ಮೌಢ್ಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕಟ್ಟುವುದನ್ನೂ ಕೊಯ್ಯುವುದನ್ನೂ ಒಂದು ಕಾಲಕ್ಕೆ ವೈದ್ಯರೇ ಹೇಳಿಕೊಡುತ್ತಿದ್ದರು.

ಈಸ್ಟ್ ಇಂಡಿಯಾ ಕಂಪನಿಯ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳ ಬಗ್ಗೆ 1796ರಲ್ಲಿ ಸಚಿತ್ರ ಗ್ರಂಥ ಹೊರತಂದ. ಕೊಳಕುಮಂಡಲದ ಇಂಗ್ಲಿಷ್ ಹೆಸರು ಇವನದೇ. 1872ರಲ್ಲಿ ಬ್ರಿಟಿಷ್ ವೈದ್ಯ ಜೋಸೆಫ್ ಫೇರರ್ ಭಾರತದ ವಿಷಸರ್ಪಗಳ ಮೇಲಿನ ತನ್ನ ಬೃಹತ್ ಗ್ರಂಥವನ್ನು ಪ್ರಕಟಿಸಿದ. ಪ್ರಯೋಗಿಸಿ ನೋಡಿದ ಮದ್ದುಗಳಲ್ಲಿ ಯಾವುದೂ ನಂಬಿಕೆಗೆ ಅರ್ಹವಲ್ಲವೆಂದು ಕಂಡುಕೊಂಡ. ಆದರೂ 20ನೇ ಶತಮಾನದ ಆರಂಭದಲ್ಲಿ ಗಾಯವನ್ನು ಕೊಯ್ದು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹರಳು ತುಂಬುವ ಪುಟ್ಟ ಚಾಕುಗಳು ಬಳಕೆಗೆ ಬಂದವು. ವೈದ್ಯರ ಕಣ್ಣು ಇನ್ನೂ ಗಾಯದ ಮೇಲೇ ಇತ್ತು. ವಿಷ ಅಷ್ಟರಲ್ಲಿ ಮೈಯೆಲ್ಲ ಹರಡಿರುತ್ತಿತ್ತು.

ದಾರಿ ಬದಲಿಸಿದ್ದು ಪ್ರತಿವಿಷ. 1890ರ ದಶಕದಲ್ಲಿ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷದ ವಿರುದ್ಧ ಸೀರಂ ತಯಾರಿಸಿದ. ಪ್ರಾಣಿಗೆ ವಿಷವನ್ನು ಅತಿ ಸ್ವಲ್ಪ ಪ್ರಮಾಣದಿಂದ ಏರಿಸುತ್ತ ಕೊಟ್ಟು, ಅದರ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನು ಬಳಸುವ ವಿಧಾನವದು. ಒಂದೇ ಸೀರಂ ಎಲ್ಲ ಹಾವಿಗೂ ಸಾಕೆಂಬ ಅವನ ನಂಬಿಕೆ ಮಾತ್ರ ನಿಲ್ಲಲಿಲ್ಲ. ನಾಗರದ ಸೀರಂ ಕೊಳಕುಮಂಡಲದ ವಿಷಕ್ಕೆ ಪ್ರಯೋಜನವಿಲ್ಲವೆಂದು ಭಾರತದಲ್ಲಿ ವೈದ್ಯ ಜಾರ್ಜ್ ಲ್ಯಾಂಬ್ ತೋರಿಸಿಕೊಟ್ಟ.

ನಮ್ಮಲ್ಲಿ ಈಗ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ಸೇರಿ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ತಮಿಳುನಾಡಿನ ಇರುಳರ ಸಹಕಾರ ಸಂಘ ಒದಗಿಸುತ್ತದೆ. ಹಾವಿನ ಚರ್ಮದ ವ್ಯಾಪಾರ ನಿಂತು ಕಸುಬು ಕಳೆದುಕೊಂಡಿದ್ದ ಇರುಳರು, ಸರ್ಪತಜ್ಞ ರೋಮ್ಯುಲಸ್ ವಿಟೇಕರ್ ಜೊತೆಗೂಡಿ 1978ರಲ್ಲಿ ಇದನ್ನು ಕಟ್ಟಿದರು. ಹಿಡಿದ ಹಾವಿನಿಂದ ವಿಷ ತೆಗೆದು ಮತ್ತೆ ಕಾಡಿಗೇ ಬಿಡುತ್ತಾರೆ.

ಆಸ್ಪತ್ರೆಯ ಚಿಕಿತ್ಸೆಯೂ ಸುಧಾರಿಸಿತು. ಹೊಸ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವೆಂಬ ಸುಳಿವು. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಾಧ್ಯ. ಮಕ್ಕಳಿಗೂ ಪ್ರತಿವಿಷ ದೊಡ್ಡವರಷ್ಟೇ ಬೇಕು. ಕಚ್ಚುವ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವೇ ಗೊತ್ತಾಗದಂತೆ ಕಚ್ಚಬಲ್ಲದು. ಬೆಳಗ್ಗೆ ಹೊಟ್ಟೆನೋವು, ಜೋತುಬೀಳುವ ರೆಪ್ಪೆ ಕಂಡು ಉಸಿರಾಟ ಸೋಲುವಾಗ ಪ್ರತಿವಿಷದ ಜೊತೆಗೆ ವೆಂಟಿಲೇಟರ್ ಜೀವ ಉಳಿಸುತ್ತದೆ.

ಕೊರತೆಗಳಿವೆ. ಕಾಳಿಂಗ ಸರ್ಪಕ್ಕೆ, ಪಶ್ಚಿಮ ಘಟ್ಟದ ಗುಳಿಮಂಡಲಗಳಿಗೆ ಈ ಪ್ರತಿವಿಷವನ್ನು ನೆಚ್ಚುವಂತಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶಕ್ಕೆ ತಕ್ಕಂತೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ವಿವರವಾಗಿ ತೋರಿಸಿದೆ. ಹಲವು ಹಾವುಗಳ ನರವಿಷವನ್ನು ತಡೆಯಬಲ್ಲ ಕೃತಕ ಪ್ರತಿಕಾಯದ ಸಂಶೋಧನೆಯಲ್ಲೂ ಈ ತಂಡ ಪಾಲ್ಗೊಂಡಿದ್ದು, ಅದರ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತಕ್ಕೆ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಪ್ರತಿ ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಎಣಿಸಿದರೆ ಮಾತ್ರ ಔಷಧಿ ಯಾವ ತಾಲ್ಲೂಕಿಗೆ ಎಷ್ಟು ಬೇಕೆಂದು ತಿಳಿಯುತ್ತದೆ.

ಇನ್ನೂರು ವರ್ಷಗಳ ಈ ಪಯಣದಲ್ಲಿ ಪ್ರಥಮ ಚಿಕಿತ್ಸೆ ಹಿಗ್ಗಲಿಲ್ಲ, ಕುಗ್ಗಿತು. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಮುರಿದ ಮೂಳೆಗೆ ಕಟ್ಟುವ ಹಾಗೆ ದಬ್ಬೆಯ ಆಸರೆ ಕೊಟ್ಟು, ಅಲುಗದಂತೆ ನೋಡಿಕೊಳ್ಳಿ. ಧೈರ್ಯ ಹೇಳಿ, ನಡೆಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಿ. ನಿಮ್ಮೂರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ಕೇಳಿ ತಿಳಿದುಕೊಳ್ಳಿ.