ಹಾಂಗ್‌ಝೌ ನಗರದ ಒಂದು ಮನೆ



ಹಿರಿಯರು ಕಿರಿಯರನ್ನು ಮುನ್ನಡೆಸುವುದು ನಿಯಮದ ಬಲದಿಂದಲೋ, ಬೇರೊಂದರಿಂದಲೋ? ಉಪಾಧ್ಯಾಯನಾಗಿದ್ದ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಚೀನಾದಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಉತ್ತರವನ್ನು ಸೂಚಿಸುತ್ತದೆ.

1866ರ ಮೇ 26ರಂದು ಲಂಡನ್ನಿನಿಂದ ಹೊರಟ ಲ್ಯಾಮರ್‌ಮೂರ್ ಹಡಗಿನಲ್ಲಿ 34 ವರ್ಷದ ಹಡ್ಸನ್ ಟೇಲರ್, 29 ವರ್ಷದ ಪತ್ನಿ ಮರಿಯಾ, ಅವರ ನಾಲ್ವರು ಮಕ್ಕಳು ಹಾಗೂ ದಂಪತಿಗಳನ್ನು ನಂಬಿ ಬಂದ 16 ಮಂದಿ ಹೊಸ ಮಿಷನರಿಗಳಿದ್ದರು. ಸೆಪ್ಟೆಂಬರ್ 30ರಂದು ಶಾಂಘೈ ತಲುಪಿದ ಇವರು ವರ್ಷಾಂತ್ಯದೊಳಗೆ ಹಾಂಗ್‌ಝೌ ನಗರದಲ್ಲಿ ದೊಡ್ಡದೊಂದು ಮನೆ ಹಿಡಿದರು. ಟೇಲರ್ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಮಲಾಕ್ಕಾದಲ್ಲಿ ಜನಿಸಿ, ಹಿಂದೆ ನಿಂಗ್‌ಬೋ ನಗರದ ಬಾಲಿಕಾ ಶಾಲೆಯಲ್ಲಿ ಪಾಠ ಹೇಳಿದ್ದ ಮರಿಯಾ ಚೀನೀ ಭಾಷೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಎಲ್ಲರೂ ಚೀನೀ ಉಡುಪನ್ನೇ ಧರಿಸಬೇಕು, ಗಂಡಸರು ಮುಂದಲೆ ಬೋಳಿಸಿ ಜಡೆ ಬಿಡಬೇಕು ಎಂಬುದು ಟೇಲರರ ನಿಯಮ. ಜನ ನೋಡಬೇಕಾದುದು ಪರದೇಶಿಯ ಅಂಗಿಯನ್ನಲ್ಲ, ಕೇಳಬೇಕಾದುದು ಅವನ ಮಾತನ್ನು ಎಂಬುದು ಅವರ ವಾದ. ಕೆಲವರಿಗೆ ಅದು ಅವಮಾನವೆನಿಸಿತು. ಒಬ್ಬರು ಇಂಗ್ಲಿಷ್ ಉಡುಪಿಗೇ ಮರಳಿದರು. ಗುಂಪು ಒಡೆಯಿತು, ದೂರುಗಳು ಹಬ್ಬಿದವು. ಉಪದೇಶಗಳಿಂದ ಮನಸ್ತಾಪ ನೀಗಲಿಲ್ಲ.

1867ರ ಬೇಸಿಗೆಯಲ್ಲಿ ಸೆಖೆ ತಾಳಲಾರದೆ ಅವರು ಬೆಟ್ಟದ ಮೇಲಿನ ದೇಗುಲವೊಂದರಲ್ಲಿ ತಂಗಿದ್ದರು. ಅಲ್ಲಿ ಟೇಲರ್ ದಂಪತಿಗಳ ಎಂಟು ವರ್ಷದ ಮಗಳು ಗ್ರೇಸ್ ಮಿದುಳಿನ ಪೊರೆಯ ಉರಿಯೂತದಿಂದ ಆಗಸ್ಟ್ 23ರಂದು ತೀರಿಕೊಂಡಳು. ಆ ಮಗುವಿನ ಸಾವಿನ ಮುಂದೆ ಹಲವರ ಮುನಿಸು ಕರಗಿತು. ಎಲ್ಲರದೂ ಅಲ್ಲ, ಅತಿಯಾಗಿ ವಿರೋಧಿಸಿದವರನ್ನು ಮರುವರ್ಷ ಸಂಸ್ಥೆಯಿಂದ ಬಿಡಿಸಬೇಕಾಯಿತು.

ಮರಿಯಾ 1870ರಲ್ಲಿ, ಕೇವಲ 33ನೆಯ ವಯಸ್ಸಿನಲ್ಲಿ, ಚೀನಾದಲ್ಲೇ ಕೊನೆಯುಸಿರೆಳೆದರು.

ಇವರ ಧರ್ಮಪ್ರಚಾರವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ನಿಯಮ ಕೂಡಿಸದ ಮನಸ್ಸುಗಳನ್ನು ದುಃಖ ಕೂಡಿಸಿತು. ಬೆತ್ತ ಹಿಡಿದಿದ್ದ ನನ್ನ ಕೈಗೆ ಈ ಪಾಠ ತಡವಾಗಿ ದಕ್ಕಿತು.