ಕಟ್ಟಡ ನಿರ್ಮಾಣ: ವಿನ್ಯಾಸದ ಆರಂಭಿಕ ಹಂತ ಮತ್ತು ವೆಚ್ಚದ ಅಂದಾಜು

ಕಟ್ಟಡದ ವೆಚ್ಚ ನಿರ್ಧಾರವಾಗುವುದು ಸಿಮೆಂಟು, ಕಬ್ಬಿಣ ಕೊಳ್ಳುವಾಗ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದರ ಬಹುಪಾಲು ನಕ್ಷೆಯ ಹಂತದಲ್ಲಿಯೇ ನಿಶ್ಚಿತವಾಗಿರುತ್ತದೆ. ವಿಸ್ತೀರ್ಣ, ಅಂತಸ್ತು, ಅಡಿಪಾಯದ ಬಗೆ ಇವು ಒಮ್ಮೆ ತೀರ್ಮಾನವಾದ ಮೇಲೆ ಉಳಿತಾಯಕ್ಕೆ ದೊರೆಯುವ ಅವಕಾಶ ಅಲ್ಪ.

ಅಂದಾಜಿನ ಹಂತಗಳು

ದೇಶದ ವಾಸ್ತುಶಿಲ್ಪ ಪರಿಷತ್ತಿನ ಸೇವಾ ನಿಯಮಗಳ ಪ್ರಕಾರ ಮೊದಲನೆಯದು ಪರಿಕಲ್ಪನಾ ವಿನ್ಯಾಸ, ಎರಡನೆಯದು ಪ್ರಾಥಮಿಕ ವಿನ್ಯಾಸ. ಈ ಎರಡೂ ಹಂತಗಳಲ್ಲಿ ವೆಚ್ಚವನ್ನು ಲೆಕ್ಕಹಾಕುವುದು ವಿಸ್ತೀರ್ಣದ ಆಧಾರದ ಮೇಲೆ. ನಮ್ಮಲ್ಲಿ ರೂಢಿಯಲ್ಲಿರುವ 'ಚದರಕ್ಕೆ ಇಷ್ಟು' ಎಂಬ ಲೆಕ್ಕವೂ ಇದೇ ಬಗೆಯದು. ಒಂದು ಚದರವೆಂದರೆ 100 ಚದರಡಿ. ಕಾಮಗಾರಿ ನಕ್ಷೆಗಳು ಸಿದ್ಧವಾದ ಬಳಿಕವಷ್ಟೇ ಅಗೆತ, ಕಾಂಕ್ರೀಟು, ಗೋಡೆ, ಗಿಲಾವು, ಮರಗೆಲಸಗಳನ್ನು ಪ್ರತ್ಯೇಕವಾಗಿ ಅಳೆದು ವಿವರವಾದ ಅಂದಾಜು ಪಟ್ಟಿ ತಯಾರಿಸಲು ಸಾಧ್ಯ.

ಸರ್ಕಾರಿ ಕಾಮಗಾರಿಗಳಲ್ಲಿ ಸ್ಥೂಲ ಅಂದಾಜಿನ ಮೇಲೆ ಆಡಳಿತಾತ್ಮಕ ಅನುಮೋದನೆಯೂ, ದರಪಟ್ಟಿ ಆಧರಿಸಿದ ವಿವರವಾದ ಅಂದಾಜಿನ ಮೇಲೆ ತಾಂತ್ರಿಕ ಮಂಜೂರಾತಿಯೂ ದೊರೆಯುತ್ತವೆ. ಟೆಂಡರು ಕರೆಯುವುದು ಆನಂತರ.

ಸೋಗಾನೆಯ ನಿದರ್ಶನ

ಆರಂಭಿಕ ನಿರ್ಧಾರವೊಂದು ಬದಲಾದರೆ ಅಂದಾಜು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಸಮೀಪದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವೇ ಸಾಕ್ಷಿ. 2020ರ ಜೂನ್‌ನಲ್ಲಿ ಕಾಮಗಾರಿಗೆ ಚಾಲನೆ ದೊರೆತಾಗ ಮೊದಲ ಹಂತದ ಅಂದಾಜು 220 ಕೋಟಿ ರೂ. ಇತ್ತು. ಆಗಿನ ವಿನ್ಯಾಸ ಎಟಿಆರ್-72 ಮಾದರಿಯ ಸಣ್ಣ ವಿಮಾನಗಳಿಗೆ ಸೀಮಿತವಾಗಿತ್ತು. ಏರ್‌ಬಸ್ ಎ-320 ವಿಮಾನಗಳೂ ಇಳಿಯಬೇಕೆಂದು ನಿರ್ಧಾರವಾದಾಗ ರನ್‌ವೇ 2,050 ಮೀಟರಿನಿಂದ 3,200 ಮೀಟರಿಗೆ ಬೆಳೆಯಿತು. ಅಂದಾಜು 384 ಕೋಟಿ ರೂ.ಗೆ ಏರಿತು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗುವ ವೇಳೆಗೆ ವೆಚ್ಚ ಸುಮಾರು 450 ಕೋಟಿ ರೂ. ಮುಟ್ಟಿತ್ತು. ಈ ಏರಿಕೆಯನ್ನು ಬೆಲೆಯೇರಿಕೆಯೆಂದಷ್ಟೇ ತಿಳಿಯುವುದು ಸರಿಯಲ್ಲ. ಮೊದಲು ಅಂದಾಜಿಸಿದ ನಿಲ್ದಾಣವೇ ಬೇರೆ, ಕಟ್ಟಿದ ನಿಲ್ದಾಣವೇ ಬೇರೆ.

ನೆಲದ ಪರೀಕ್ಷೆ

ಮನೆ ಕಟ್ಟುವವರಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಚದರಡಿಗೆ 2,000 ರೂ. ಎಂದು ಭಾವಿಸಿದರೆ 12 ಚದರದ ಮನೆಗೆ 24 ಲಕ್ಷ ರೂ. ಬೇಕು. ಈ ದರದಲ್ಲಿ 250 ರೂ. ವ್ಯತ್ಯಾಸವಾದರೂ ಮೂರು ಲಕ್ಷ ರೂ. ಹೆಚ್ಚಾಗುತ್ತದೆ. ಚದರದ ಲೆಕ್ಕಕ್ಕೆ ನೆಲದ ಗುಣ ತಿಳಿಯದು. ಗಟ್ಟಿಯಾದ ಜಂಬಿಟ್ಟಿಗೆ ನೆಲಕ್ಕೂ, ಭದ್ರಾ ನಾಲೆಯ ನೀರುಂಡ ಭದ್ರಾವತಿ ಸುತ್ತಲಿನ ಗದ್ದೆಬಯಲಿಗೂ ಒಂದೇ ಬಗೆಯ ಪಾಯ ಸಲ್ಲದು. 160 ಅಡಿ ಉದ್ದ, 3 ಅಡಿ ಅಗಲದ ಪಾಯವನ್ನು ಎರಡು ಅಡಿ ಹೆಚ್ಚು ಆಳಕ್ಕೆ ಒಯ್ದರೆ 960 ಘನ ಅಡಿ ಅಗೆತ ಹೆಚ್ಚಾಗುತ್ತದೆ. ಅಷ್ಟನ್ನು ತುಂಬುವ ಖರ್ಚು ಬೇರೆ. ತುಂಗಾ ದಡದ ತಗ್ಗು ಬಡಾವಣೆಗಳಲ್ಲಿ 2019ರ ಆಗಸ್ಟ್ ನೆರೆಯನ್ನು ನೆನೆದು ನೆಲಮಟ್ಟ ಎತ್ತರಿಸುವುದಿದ್ದರೆ ಆ ವೆಚ್ಚವೂ ಮೊದಲೇ ಸೇರಬೇಕು. ಆದುದರಿಂದ ಮಣ್ಣಿನ ಪರೀಕ್ಷೆ ನಕ್ಷೆ ಅಂತಿಮವಾಗುವ ಮುನ್ನವೇ ಆಗುವುದು ಒಳಿತು.

ಸಾಲ ಮತ್ತು ದರ

ಬ್ಯಾಂಕುಗಳು ಗೃಹಸಾಲವನ್ನು ಅಂದಾಜು ಪಟ್ಟಿ ನೋಡಿ ಮಂಜೂರು ಮಾಡುತ್ತವೆ. ಕೆಲಸದ ಪ್ರಗತಿಗೆ ಅನುಗುಣವಾಗಿ ಕಂತುಗಳಲ್ಲಿ ಬಿಡುಗಡೆ ಮಾಡುತ್ತವೆ. ಪಟ್ಟಿ ಕಡಿಮೆಯಾಗಿದ್ದರೆ ತಾರಸಿಯ ಹಂತದಲ್ಲಿ ಹಣ ಮುಗಿದು, ಮಳೆಗಾಲಕ್ಕೆ ಮನೆ ಅರ್ಧಕ್ಕೇ ನಿಲ್ಲುವ ಅಪಾಯವಿದೆ. ಇತ್ತ ಬಾಡಿಗೆ, ಅತ್ತ ಸಾಲದ ಬಡ್ಡಿ ಎರಡನ್ನೂ ಆ ಕುಟುಂಬ ಹೊರಬೇಕಾಗುತ್ತದೆ.

ದರ ಮತ್ತು ತೆರಿಗೆಗಳೂ ಸ್ಥಿರವಲ್ಲ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೀಗಾಗಿ ಅಂದಾಜು ಪಟ್ಟಿಯಲ್ಲಿ ದಿನಾಂಕ, ಬಳಸಿದ ದರ, ಸಾಮಗ್ರಿಯ ಗುಣಮಟ್ಟ ಹಾಗೂ ಪಟ್ಟಿಗೆ ಸೇರದ ಕೆಲಸಗಳು ಸ್ಪಷ್ಟವಾಗಿ ನಮೂದಾಗಿರಬೇಕು. ಕಾಂಪೌಂಡು, ಸಂಪು, ಕೊಳವೆಬಾವಿ, ವಿದ್ಯುತ್ ಸಂಪರ್ಕ ಇವು ಸಾಮಾನ್ಯವಾಗಿ ಚದರದ ದರದಿಂದ ಹೊರಗುಳಿಯುತ್ತವೆ. ಅನಿರೀಕ್ಷಿತ ವೆಚ್ಚಕ್ಕೆ ಪ್ರತ್ಯೇಕ ಮೊತ್ತ ಕಾದಿರಿಸುವುದೂ ಅಗತ್ಯ.

ಗೋಡೆಯೊಂದನ್ನು ನಕ್ಷೆಯಲ್ಲಿ ಸರಿಸಲು ರಬ್ಬರು ಸಾಕು. ಕಟ್ಟಿದ ಮೇಲೆ ಸರಿಸಲು ಒಡೆಯುವ ಕೂಲಿ, ಸಾಗಿಸುವ ಕೂಲಿ, ಮತ್ತೆ ಕಟ್ಟುವ ಕೂಲಿ ಮೂರನ್ನೂ ತೆರಬೇಕು.